ಚಿಕ್ಕ ವಯಸ್ಸಿನ ಹೃದಯಾಘಾತ: ಆಂಟಿಬಾಡಿ ಪರೀಕ್ಷೆ ನಾನು ಮಾಡಿಸುವ ಕ್ರಮ

ವಯಸ್ಸು 45 ದಾಟಿಲ್ಲ. ಸಕ್ಕರೆ ಕಾಯಿಲೆ ಇಲ್ಲ, ಕೊಲೆಸ್ಟ್ರಾಲ್ ಅಂಥ ಹೆಚ್ಚಿಲ್ಲ. ಆಂಜಿಯೋಗ್ರಾಂನಲ್ಲಿ ರಕ್ತನಾಳದ ಗೋಡೆ ನುಣುಪಾಗಿದೆ, ಆದರೆ ಒಳಗೆ ದೊಡ್ಡ ಹೆಪ್ಪು ಕೂತಿದೆ. ನಾನು ಆಂಟಿಫಾಸ್ಫೋಲಿಪಿಡ್ ಆಂಟಿಬಾಡಿ (ದೇಹ ತನ್ನ ವಿರುದ್ಧವೇ ತಯಾರಿಸುವ, ಹೆಪ್ಪು ಕಟ್ಟಿಸುವ ಪ್ರತಿಕಾಯ) ಹುಡುಕುವುದು ಮುಖ್ಯವಾಗಿ ಇಂಥವರಲ್ಲಿ. ಇವು ರಕ್ತದಲ್ಲಿರುವ ಬೀಟಾ-2 ಗ್ಲೈಕೋಪ್ರೋಟೀನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ರಕ್ತನಾಳದ ಒಳಪದರ, ಪ್ಲೇಟ್‌ಲೆಟ್ (ಹೆಪ್ಪು ಕಟ್ಟಿಸುವ ಕಣ), ಮೋನೋಸೈಟ್ (ಒಂದು ಬಗೆಯ ಬಿಳಿ ರಕ್ತಕಣ) ಮೂರನ್ನೂ ಕೆರಳಿಸುತ್ತವೆ. ಗೋಡೆ ಒಡೆಯದೆಯೇ ಹೆಪ್ಪು ಕಟ್ಟುವುದು ಹೀಗೆ.

ಎಲ್ಲ ಹೃದಯಾಘಾತಕ್ಕೂ ಇದನ್ನು ಬರೆಯುವುದಿಲ್ಲ. 2025ರಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿಯಾದಾಗ ಹೃದ್ರೋಗ ಆಸ್ಪತ್ರೆಗಳ ಮುಂದೆ ಜನ ಸಾಲು ನಿಂತಿದ್ದು ನೆನಪಿರಬಹುದು. ಲಕ್ಷಣವೇ ಇಲ್ಲದವರು ಇಂಥ ಪರೀಕ್ಷೆ ಮಾಡಿಸಿಕೊಂಡರೆ ಭಯವೊಂದೇ ಗಿಟ್ಟುವುದು. ದೇಹ ತನ್ನ ಮೇಲೇ ದಾಳಿ ಮಾಡುವ ಲೂಪಸ್‌ನಂಥ ರೋಗ ಹುಡುಕುವ ಎಎನ್‌ಎ ಪರೀಕ್ಷೆಯಂತೂ 1:80 ಮಟ್ಟದಲ್ಲಿ (ಮಾದರಿಯನ್ನು 80 ಪಟ್ಟು ತೆಳುವಾಗಿಸಿದಾಗ) ಆರೋಗ್ಯವಂತರಲ್ಲೂ 100ಕ್ಕೆ ಸುಮಾರು 13 ಮಂದಿಯಲ್ಲಿ ಪಾಸಿಟಿವ್ ಬರುತ್ತದೆ. ಯುರೋಪಿನಲ್ಲಿ ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ (ಈ ಆಂಟಿಬಾಡಿಗಳಿಂದ ಬರುವ ರೋಗ) ಇದ್ದ 1000 ಮಂದಿಯನ್ನು ಗಮನಿಸಿದಾಗ ಹೃದಯಾಘಾತವಾದವರು 5.5 ಶೇಕಡಾ ಮಾತ್ರ. ಕಾಲಿನ ರಕ್ತನಾಳ ಮತ್ತು ಮೆದುಳೇ ಇದರ ಮುಖ್ಯ ಗುರಿ. ಆದರೂ ಇದ್ದಾಗ ಅದು ನಮ್ಮ ಕಣ್ಣು ತಪ್ಪಬಾರದು. 50ರೊಳಗಿನ ಮಹಿಳೆಯರ ಮೇಲೆ ನೆದರ್ಲೆಂಡ್ಸ್‌ನಲ್ಲಿ ನಡೆದ, 2009ರಲ್ಲಿ ಪ್ರಕಟವಾದ ರೇಷಿಯೋ ಅಧ್ಯಯನದಲ್ಲಿ ಲೂಪಸ್ ಆಂಟಿಕೋಯಾಗುಲಂಟ್ (ಇದೂ ಇದೇ ಗುಂಪಿನ ಆಂಟಿಬಾಡಿ, ಲೂಪಸ್ ರೋಗ ಇಲ್ಲದವರಲ್ಲೂ ಇರಬಹುದು) ಇದ್ದವರಿಗೆ ಹೃದಯಾಘಾತದ ಸಂಭವ ಇಲ್ಲದವರಿಗಿಂತ 5 ಪಟ್ಟು ಇತ್ತು. ಜೊತೆಗೆ ಸಿಗರೇಟೂ ಸೇರಿದರೆ 30 ಪಟ್ಟು ಮೀರುತ್ತಿತ್ತು.

ರಕ್ತ ತೆಗೆಸುವ ಮೊದಲು ಹಳೆಯ ಫೈಲು ತಿರುವಿ ಹಾಕುತ್ತೇನೆ. ಹೆಪಾರಿನ್ (ಹೆಪ್ಪು ತಡೆಯುವ ಚುಚ್ಚುಮದ್ದು) ಕೊಡುವ ಮುಂಚಿನ ಎಪಿಟಿಟಿ, ಅಂದರೆ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ ಒಂದು ಪರೀಕ್ಷೆ, ಉದ್ದವಾಗಿದೆಯೇ? ಪ್ಲೇಟ್‌ಲೆಟ್ ಒಂದು ಲಕ್ಷದ ಆಸುಪಾಸಿನಲ್ಲೇ ವರ್ಷಗಟ್ಟಲೆ ನಿಂತಿದೆಯೇ? 10 ವಾರ ದಾಟಿದ ಮೇಲೆ ಗರ್ಭ ಹೋಗಿದೆಯೇ? ಬಸಿರಿನ ತಪಾಸಣೆಯಲ್ಲಿ ವಿಡಿಆರ್‌ಎಲ್ (ಸಿಫಿಲಿಸ್‌ನ ಮೊದಲ ಪರೀಕ್ಷೆ) ಪಾಸಿಟಿವ್ ಬಂದು, ಮುಂದಿನ ಪರೀಕ್ಷೆಯಲ್ಲಿ ಸಿಫಿಲಿಸ್ ಇಲ್ಲವೆಂದು ಬಿಟ್ಟಿದ್ದಾರೆಯೇ? ವಿಡಿಆರ್‌ಎಲ್ ದ್ರಾವಣದಲ್ಲಿ ಇರುವುದೇ ಕಾರ್ಡಿಯೋಲಿಪಿನ್ ಎಂಬ ಫಾಸ್ಫೋಲಿಪಿಡ್ (ಒಂದು ಬಗೆಯ ಕೊಬ್ಬು), ನಾವು ಹುಡುಕುವ ಆಂಟಿಬಾಡಿ ಅದಕ್ಕೂ ಅಂಟುತ್ತದೆ, ಹಾಗಾಗಿ ಈ ಸುಳ್ಳು ಪಾಸಿಟಿವ್ ಒಂದು ಒಳ್ಳೆಯ ಸುಳಿವು. ತೊಡೆ, ಮೊಣಕಾಲಿನ ಮೇಲೆ ಬಲೆಯಂಥ ನೀಲಿ ಗುರುತು ಇದೆಯೇ ಎಂದು ಹಗಲು ಬೆಳಕಿನಲ್ಲೇ ನೋಡಬೇಕು. ನಮ್ಮ ಮೈಬಣ್ಣದಲ್ಲಿ ಅದು ವಾರ್ಡಿನ ಟ್ಯೂಬ್‌ಲೈಟಿಗೆ ಕಾಣುವುದಿಲ್ಲ. ಎಕೋದಲ್ಲಿ ಮೈಟ್ರಲ್ ಕವಾಟ ದಪ್ಪಗಾಗಿದ್ದರೆ ಅನುಮಾನ ಇನ್ನೂ ಬಲವಾಗುತ್ತದೆ.

ಪರೀಕ್ಷೆ ಮೂರು: ಆಂಟಿ-ಕಾರ್ಡಿಯೋಲಿಪಿನ್, ಆಂಟಿ-ಬೀಟಾ-2 ಗ್ಲೈಕೋಪ್ರೋಟೀನ್, ಲೂಪಸ್ ಆಂಟಿಕೋಯಾಗುಲಂಟ್. ಮೊದಲ ಎರಡಕ್ಕೆ ಐಜಿಜಿ, ಐಜಿಎಂ ಎಂಬ ಎರಡೂ ಬಗೆಯ ಆಂಟಿಬಾಡಿಯನ್ನು ಕೇಳುತ್ತೇನೆ. ಇವು ಆಂಟಿಬಾಡಿಯನ್ನೇ ಅಳೆಯುವ ಎಲೈಸಾ ಪರೀಕ್ಷೆಗಳು, ಸೀರಂ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿ ದ್ರವ) ಸಾಕು. ಹೆಪಾರಿನ್ ಆಗಲಿ ವಾರ್ಫರಿನ್ (ಹೆಪ್ಪು ತಡೆಯುವ ಮಾತ್ರೆ) ಆಗಲಿ ಇವನ್ನು ಕೆಡಿಸುವುದಿಲ್ಲ. ತಲೆನೋವು ಮೂರನೆಯದು. ಅದರಲ್ಲಿ ಆಂಟಿಬಾಡಿಯನ್ನು ನೇರವಾಗಿ ಅಳೆಯುವುದಿಲ್ಲ; ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ಅಳೆದು ಆಂಟಿಬಾಡಿಯನ್ನು ಊಹಿಸುತ್ತಾರೆ. ಆದ್ದರಿಂದ ಹೆಪ್ಪುಗಟ್ಟುವಿಕೆಗೆ ಅಡ್ಡ ಬರುವ ಪ್ರತಿಯೊಂದು ಔಷಧವೂ ಇದನ್ನು ಹಾಳು ಮಾಡಬಲ್ಲದು. ಪ್ಲೇಟ್‌ಲೆಟ್ ಮೇಲೆ ಕೆಲಸ ಮಾಡುವ ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಮಾತ್ರ ತೊಂದರೆ ಕೊಡುವುದಿಲ್ಲ.

ಹೃದಯಾಘಾತದ ರೋಗಿ ಕ್ಯಾತ್ ಲ್ಯಾಬ್ (ಆಂಜಿಯೋಗ್ರಾಂ ಮಾಡುವ ಕೋಣೆ) ಸೇರುವಷ್ಟರಲ್ಲಿ ಹೆಪಾರಿನ್ ಹೋಗಿಯೇ ಇರುತ್ತದೆ. ಅದಕ್ಕೆ ಎಮರ್ಜೆನ್ಸಿಯಲ್ಲಿ ಕ್ಯಾನುಲಾ ಹಾಕುವಾಗಲೇ ಇತರ ರಕ್ತಪರೀಕ್ಷೆಗಳ ಜೊತೆ ಒಂದು ಸೀರಂ ಟ್ಯೂಬ್, ಎರಡು ಸಿಟ್ರೇಟ್ ಟ್ಯೂಬ್ ತುಂಬಿಸಿಡಲು ಹೇಳಿರುತ್ತೇನೆ. ಇದಕ್ಕಾಗಿ ಆಂಜಿಯೋಪ್ಲಾಸ್ಟಿ ಒಂದು ನಿಮಿಷವೂ ತಡವಾಗಬಾರದು. ತಪ್ಪಿದರೆ ಹೋಗಲಿ, ಸೀರಂ ಪರೀಕ್ಷೆ ಯಾವಾಗ ಬೇಕಾದರೂ ಆದೀತು.

ಸಿಟ್ರೇಟ್ ಟ್ಯೂಬ್ ಎಂದರೆ ನೀಲಿ ಮುಚ್ಚಳದ್ದು, 3.2 ಶೇಕಡಾ ಸೋಡಿಯಂ ಸಿಟ್ರೇಟ್ ಇರುವುದು. 9 ಪಾಲು ರಕ್ತಕ್ಕೆ 1 ಪಾಲು ಸಿಟ್ರೇಟ್. ಗೆರೆಯವರೆಗೆ ತುಂಬದಿದ್ದರೆ ಸಿಟ್ರೇಟ್ ಹೆಚ್ಚಾಗಿ ಹೆಪ್ಪುಗಟ್ಟುವ ಹೊತ್ತು ಸುಳ್ಳೇ ಉದ್ದವಾಗುತ್ತದೆ. ರಕ್ತವನ್ನು 4 ಗಂಟೆಯೊಳಗೆ, ಫ್ರಿಜ್‌ನಲ್ಲಿಡದೆ, ಕೋಣೆಯ ಉಷ್ಣತೆಯಲ್ಲೇ ಸೆಂಟ್ರಿಫ್ಯೂಜ್ ಯಂತ್ರದಲ್ಲಿ 2000 ಜಿ ಬಲಕ್ಕೆ 15 ನಿಮಿಷ ತಿರುಗಿಸಬೇಕು. ಮೇಲೆ ನಿಲ್ಲುವ ತಿಳಿ ದ್ರವವಾದ ಪ್ಲಾಸ್ಮಾವನ್ನು ಪ್ಲಾಸ್ಟಿಕ್ ಪಿಪೆಟ್‌ನಿಂದ ತೆಗೆಯುವಾಗ ಕಣಗಳ ಪದರಕ್ಕೆ ತಾಗದಂತೆ ಅರ್ಧ ಸೆಂಟಿಮೀಟರ್ ಬಿಟ್ಟು, ಹೊಸ ಪ್ಲಾಸ್ಟಿಕ್ ಟ್ಯೂಬಿಗೆ ಹಾಕಿ ಮತ್ತೊಮ್ಮೆ ಅಷ್ಟೇ ಹೊತ್ತು ತಿರುಗಿಸಬೇಕು. ಈ ಎರಡನೇ ಸುತ್ತನ್ನು ಬಿಡುವ ಲ್ಯಾಬ್‌ಗಳು ಬಹಳ. ಪ್ಲಾಸ್ಮಾದಲ್ಲಿ ಉಳಿದ ಪ್ಲೇಟ್‌ಲೆಟ್‌ಗಳು ಫ್ರೀಜ್ ಮಾಡಿ ಕರಗಿಸುವಾಗ ಒಡೆಯುತ್ತವೆ, ಅವುಗಳ ಫಾಸ್ಫೋಲಿಪಿಡ್ ಆಂಟಿಬಾಡಿಯನ್ನು ಹೀರಿಕೊಳ್ಳುತ್ತದೆ, ರಿಪೋರ್ಟ್ ನೆಗೆಟಿವ್ ಬರುತ್ತದೆ. ಜಿಲ್ಲಾ ಕೇಂದ್ರದಿಂದ ಬೆಂಗಳೂರಿಗೆ ಮಾದರಿ ಕಳಿಸುವವರು ಎರಡು ಸಲ ತಿರುಗಿಸಿದ ಪ್ಲಾಸ್ಮಾವನ್ನೇ ಫ್ರೀಜ್ ಮಾಡಿ, ಡ್ರೈ ಐಸ್‌ನಲ್ಲಿ ಕಳಿಸಬೇಕು. ರಕ್ತದ ಟ್ಯೂಬನ್ನೇ ಕೊರಿಯರ್‌ಗೆ ಹಾಕಿದರೆ ಹಣ ದಂಡ. ಕರಗಿಸುವುದು 37 ಡಿಗ್ರಿ ನೀರಿನಲ್ಲಿ 5 ನಿಮಿಷ. ಮೇಜಿನ ಮೇಲಿಟ್ಟು ನಿಧಾನ ಕರಗಿಸಬಾರದು.

ಲೂಪಸ್ ಆಂಟಿಕೋಯಾಗುಲಂಟ್‌ಗೆ ಲ್ಯಾಬ್ ಎರಡು ವಿಧಾನ ಬಳಸಬೇಕು: ಡಿಆರ್‌ವಿವಿಟಿ (ಹಾವಿನ ವಿಷ ಬಳಸಿ ಹೆಪ್ಪುಗಟ್ಟುವ ಹೊತ್ತು ಅಳೆಯುವುದು), ಮತ್ತು ಫಾಸ್ಫೋಲಿಪಿಡ್ ಕಡಿಮೆ ಇರುವ ಎಪಿಟಿಟಿ. ಎರಡರಲ್ಲಿ ಒಂದು ಪಾಸಿಟಿವ್ ಬಂದರೂ ಪಾಸಿಟಿವ್. ರಿಪೋರ್ಟ್‌ನಲ್ಲಿ ಸ್ಕ್ರೀನ್ (ಹೊತ್ತು ಉದ್ದವೇ), ಮಿಕ್ಸಿಂಗ್ (ಆರೋಗ್ಯವಂತರ ಪ್ಲಾಸ್ಮಾ ಬೆರೆಸಿದರೂ ಉದ್ದವೇ), ಕನ್ಫರ್ಮ್ (ಫಾಸ್ಫೋಲಿಪಿಡ್ ಹೆಚ್ಚಿಸಿದರೆ ಸರಿಹೋಗುತ್ತದೆಯೇ) ಮೂರೂ ಹಂತ ಬರೆದಿರಬೇಕು. ಬರೀ ‘ಪಾಸಿಟಿವ್’ ಎಂಬ ಒಂದು ಪದವಿದ್ದರೆ ಫೋನ್ ಮಾಡಿ ಅಂಕಿಗಳನ್ನು ಕೇಳುತ್ತೇನೆ. ಹೃದಯಾಘಾತದ ಮೊದಲ ದಿನಗಳಲ್ಲಿ ಸಿಆರ್‌ಪಿ (ಉರಿಯೂತದ ಪ್ರೋಟೀನ್) ಏರಿ ಎಪಿಟಿಟಿ ವಿಧಾನದಲ್ಲಿ ಸುಳ್ಳು ಪಾಸಿಟಿವ್ ಕೊಡಬಹುದು. ಹೆಪ್ಪುಗಟ್ಟಿಸುವ ಪ್ರೋಟೀನ್ ಫ್ಯಾಕ್ಟರ್ 8 ಏರಿ ಸುಳ್ಳು ನೆಗೆಟಿವ್ ಸಹ ಕೊಡಬಹುದು. ಎರಡೂ ದಿಕ್ಕಿನಲ್ಲಿ ಮೋಸ. ರಿವರಾಕ್ಸಬಾನ್ (ಹೆಪ್ಪು ತಡೆಯುವ ಹೊಸ ಬಗೆಯ ಮಾತ್ರೆ) ತೆಗೆದುಕೊಳ್ಳುತ್ತಿದ್ದರೆ ಡಿಆರ್‌ವಿವಿಟಿ ಸುಳ್ಳೇ ಪಾಸಿಟಿವ್ ತೋರಬಹುದು. ಲೋ ಮಾಲಿಕ್ಯುಲರ್ ಹೆಪಾರಿನ್ ಆದರೆ ಕೊನೆಯ ಚುಚ್ಚುಮದ್ದಿನಿಂದ ಕನಿಷ್ಠ 12 ಗಂಟೆ ಬಿಟ್ಟು ರಕ್ತ ತೆಗೆಯಬೇಕು. ಹೆಪ್ಪು ಕಟ್ಟಿದವರ ವಾರ್ಫರಿನ್ನನ್ನು ಪರೀಕ್ಷೆಗೋಸ್ಕರ ನಿಲ್ಲಿಸುವುದು ಮಾತ್ರ ಬೇಡವೇ ಬೇಡ.

ಮೊದಲ ಪಾಸಿಟಿವ್ ಕಂಡು ರೋಗದ ಹೆಸರು ಬರೆಯುವುದಿಲ್ಲ. ಸೋಂಕಿನ ನಂತರ ಈ ಆಂಟಿಬಾಡಿಗಳು ಕೆಲ ಕಾಲ ಬಂದು ಹೋಗುತ್ತವೆ, ಅದರಲ್ಲೂ ಕಡಿಮೆ ಮಟ್ಟದ ಐಜಿಎಂ. ಕನಿಷ್ಠ 12 ವಾರ ಕಳೆದು, ಅದೇ ಲ್ಯಾಬ್‌ನಲ್ಲಿ, ಅದೇ ಕಿಟ್‌ನಲ್ಲಿ ಮತ್ತೆ ಮಾಡಿಸುತ್ತೇನೆ. ಎಲೈಸಾದಲ್ಲಿ 40 ಯೂನಿಟ್‌ಗಿಂತ ಕೆಳಗಿನದಕ್ಕೆ ಬೆಲೆ ಕಡಿಮೆ, 80 ದಾಟಿದ ಐಜಿಜಿಗೆ ಬಹಳ. ಮೂರೂ ಪಾಸಿಟಿವ್ ಆದವರಿಗೆ ಮತ್ತೆ ಹೆಪ್ಪು ಕಟ್ಟುವ ಅಪಾಯ ಎಲ್ಲರಿಗಿಂತ ಜಾಸ್ತಿ.

ಅನುಮಾನ ಬಲವಾಗಿದ್ದರೆ ಔಷಧಕ್ಕೆ 12 ವಾರ ಕಾಯುವುದಿಲ್ಲ. ವಾರ್ಫರಿನ್ ಅಥವಾ ಅದೇ ಬಗೆಯ ಅಸಿಟ್ರಾಮ್ ಶುರು ಮಾಡಿ ಐಎನ್‌ಆರ್ (ಈ ಮಾತ್ರೆಯಿಂದ ರಕ್ತ ಎಷ್ಟು ತೆಳುವಾಗಿದೆ ಎಂದು ತೋರುವ ಅಂಕಿ) 2ರಿಂದ 3ರ ನಡುವೆ ಇಡುತ್ತೇನೆ. ಸ್ಟೆಂಟ್ ಹಾಕಿದ್ದರೆ ಹೃದ್ರೋಗ ತಜ್ಞರೊಡನೆ ಕೂತು ವಾರ್ಫರಿನ್, ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಮೂರನ್ನೂ ಒಟ್ಟಿಗೆ ಕೊಡುವ ಅವಧಿಯನ್ನು ಆದಷ್ಟು ಮೊಟಕು ಮಾಡುತ್ತೇವೆ: ಟಿಕಾಗ್ರೆಲರ್ ಬದಲು ಕ್ಲೋಪಿಡೊಗ್ರೆಲ್, ಹೊಟ್ಟೆಗೆ ಪ್ಯಾಂಟೊಪ್ರಜೋಲ್. ರಕ್ತ ಪರೀಕ್ಷೆಯ ಕಾಟ ಬೇಡವೆಂದು ರಿವರಾಕ್ಸಬಾನ್ ಕೇಳುವವರು ಬಹಳ. 2018ರ ಟ್ರ್ಯಾಪ್ಸ್ ಅಧ್ಯಯನದಲ್ಲಿ ಮೂರೂ ಪಾಸಿಟಿವ್ ಇದ್ದವರಿಗೆ ಅದನ್ನು ಕೊಟ್ಟಾಗ 4 ಪಾರ್ಶ್ವವಾಯು, 3 ಹೃದಯಾಘಾತ ಆದವು. ವಾರ್ಫರಿನ್ ಗುಂಪಿನಲ್ಲಿ ಒಂದೂ ಇಲ್ಲ. ಅಧ್ಯಯನವನ್ನೇ ಅರ್ಧದಲ್ಲಿ ನಿಲ್ಲಿಸಬೇಕಾಯಿತು. ಸೊಪ್ಪಿನ ವಿಟಮಿನ್ ಕೆ ವಾರ್ಫರಿನ್‌ನ ಬಲ ತಗ್ಗಿಸುವುದರಿಂದ, ಸೊಪ್ಪು ಬಿಡಬೇಕೇ ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಬಿಡಬೇಡಿ; ಬಸ್ಸಾರು ವಾರಕ್ಕೆ ಎರಡು ಸಲವಾದರೆ ಪ್ರತಿ ವಾರವೂ ಎರಡೇ ಸಲ ಇರಲಿ.

ಲೂಪಸ್ ಕೂಡ ಇದ್ದರೆ ಲೆಕ್ಕ ಬೇರೆ. ಅಮೆರಿಕದ ಪಿಟ್ಸ್‌ಬರ್ಗ್‌ನ 1997ರ ಅಧ್ಯಯನದಲ್ಲಿ ಲೂಪಸ್ ಇರುವ 35–44 ವಯಸ್ಸಿನ ಮಹಿಳೆಯರಿಗೆ ಹೃದಯಾಘಾತದ ಸಂಭವ ಅದೇ ವಯಸ್ಸಿನ ಇತರರಿಗಿಂತ 50 ಪಟ್ಟಿಗೂ ಹೆಚ್ಚಿತ್ತು. ಅವರಲ್ಲಿ ಹೆಪ್ಪಿನ ಜೊತೆ ಗೋಡೆಯೂ ಬೇಗ ಕೆಡುತ್ತದೆ. ಹೈಡ್ರಾಕ್ಸಿಕ್ಲೋರೋಕ್ವಿನ್ ದಿನಕ್ಕೆ ಕೆಜಿ ತೂಕಕ್ಕೆ 5 ಮಿಗ್ರಾಂ ಮೀರದಂತೆ, ಕಣ್ಣಿನ ತಪಾಸಣೆಯೊಡನೆ ಕೊಡುತ್ತೇನೆ. ಸ್ಟೀರಾಯ್ಡ್ ಆದ ಪ್ರೆಡ್ನಿಸೋಲೋನ್ ದಿನಕ್ಕೆ 5 ಮಿಗ್ರಾಂ ಅಥವಾ ಅದಕ್ಕೂ ಕೆಳಗೆ ಇಳಿಸುವುದು ಗುರಿ.

ಮಹಿಳೆಯರಿಗೆ ಒಂದನ್ನು ಬಿಡಿಸಿ ಹೇಳುತ್ತೇನೆ: ಈಸ್ಟ್ರೋಜನ್ ಇರುವ ಗರ್ಭನಿರೋಧಕ ಬೇಡ. ಮದುವೆ, ಪೂಜೆ ಎಂದು ಮುಟ್ಟು ಮುಂದೂಡಲು ಮೆಡಿಕಲ್ ಶಾಪಿನಿಂದ ತರುವ ನೊರೆಥಿಸ್ಟೆರೋನ್ ಕೂಡ ಬೇಡ. ಆ ಪ್ರಮಾಣದಲ್ಲಿ ಅದರ ಒಂದಂಶ ದೇಹದಲ್ಲಿ ಈಸ್ಟ್ರೋಜನ್ ಆಗುತ್ತದೆ. ಅಂಗಡಿಯಿಂದ ನೇರ ತಂದ ಈ ಮಾತ್ರೆ ವೈದ್ಯರ ಚೀಟಿಯಲ್ಲಿ ಇರುವುದಿಲ್ಲ, ಕೇಳಿದರಷ್ಟೇ ಗೊತ್ತಾಗುತ್ತದೆ.

ಮನೆಯಲ್ಲಿ ಬೆರಳು ಚುಚ್ಚಿ ಐಎನ್‌ಆರ್ ನೋಡುವ ಯಂತ್ರವನ್ನು ಲೂಪಸ್ ಆಂಟಿಕೋಯಾಗುಲಂಟ್ ಇರುವವರಲ್ಲಿ ನಂಬುವುದಿಲ್ಲ. ಆಂಟಿಬಾಡಿ ಅದರ ರಾಸಾಯನಿಕಕ್ಕೇ ಅಡ್ಡಬಂದು ಅಂಕಿಯನ್ನು ಏರಿಸಬಹುದು. ಅದನ್ನು ನೋಡಿ ಮಾತ್ರೆ ಇಳಿಸಿದರೆ ಮತ್ತೆ ಹೆಪ್ಪು. ಅಂಕಿಯ ಮೇಲೆ ಸಂಶಯ ಬಂದರೆ ಕ್ರೋಮೋಜೆನಿಕ್ ಫ್ಯಾಕ್ಟರ್ 10 (ಹೆಪ್ಪುಗಟ್ಟಿಸುವ ಇನ್ನೊಂದು ಪ್ರೋಟೀನನ್ನು ಬಣ್ಣದಿಂದ ಅಳೆಯುವ ಪರೀಕ್ಷೆ) ಮಾಡಿಸುತ್ತೇನೆ. ಅದು 20ರಿಂದ 40 ಶೇಕಡಾ ಇದ್ದರೆ ಔಷಧದ ಪ್ರಮಾಣ ಸರಿಯಿದೆ, ಐಎನ್‌ಆರ್ ಏನೇ ಹೇಳಲಿ.