ಅಲ್ಟ್ರಾಸೌಂಡ್‌ನಲ್ಲಿ ಜರಾಯುವಿನ ದಪ್ಪವನ್ನು ಅಳೆಯುವ ಕ್ರಮ

ಜರಾಯುವಿನ (ಮಾಸು, ಪ್ಲಾಸೆಂಟಾ) ಗಾತ್ರವನ್ನು ಅಂದಾಜಿಸಲು ಸಾಮಾನ್ಯವಾಗಿ ಅದರ ದಪ್ಪವನ್ನೇ ಅಳೆಯಲಾಗುತ್ತದೆ. ಮೊದಲು ಹೊಕ್ಕುಳಬಳ್ಳಿಯು ಜರಾಯುವಿಗೆ ಸೇರುವ ಜಾಗವನ್ನು, ಬೇಕಿದ್ದರೆ ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಕಲರ್ ಡಾಪ್ಲರ್ ನೆರವಿನಿಂದ, ಗುರುತಿಸಿಕೊಂಡು, ಅಲ್ಟ್ರಾಸೌಂಡ್ ಕಿರಣವು ಅಲ್ಲಿ ಲಂಬವಾಗಿ ಬೀಳುವಂತೆ ಪ್ರೋಬ್ (ಮೈಮೇಲೆ ಇಡುವ ಸ್ಕ್ಯಾನಿಂಗ್ ಉಪಕರಣ) ಹಿಡಿಯಬೇಕು. ಪರದೆಯ ಮೇಲೆ ದೂರ ಅಳೆಯಲು ಇಡುವ ಒಂದು ಕ್ಯಾಲಿಪರ್ ಗುರುತನ್ನು ಭ್ರೂಣದ ಕಡೆಯ ಮೇಲ್ಮೈಯಲ್ಲಿ, ಇನ್ನೊಂದನ್ನು ಗರ್ಭಕೋಶದ ಗೋಡೆಗೆ ತಾಗಿದ ಅಂಚಿನಲ್ಲಿ ಇಟ್ಟು, ಹಿಂಬದಿಯಲ್ಲಿ ಕಪ್ಪಗೆ ಕಾಣುವ ರಕ್ತನಾಳಗಳನ್ನೂ ಸ್ನಾಯುವನ್ನೂ ಅಳತೆಯಿಂದ ಹೊರಗಿಡಬೇಕು; ಅಳತೆ ಸುಲಭವಾಗಿ ತಪ್ಪುವುದು ಇಲ್ಲಿಯೇ. ಓರೆಯಾಗಿ ಅಳೆದರೂ, ಗರ್ಭಕೋಶ ಸಂಕುಚಿತಗೊಂಡಿದ್ದರೂ ದಪ್ಪ ಹೆಚ್ಚಾಗಿ ಕಾಣುವುದರಿಂದ, ಅನುಮಾನವಿದ್ದಾಗ ಸ್ವಲ್ಪ ಹೊತ್ತು ಕಾದು ಮತ್ತೆ ಅಳೆಯುವುದು ಲೇಸು. ಮಿಲಿಮೀಟರ್ ಲೆಕ್ಕದ ದಪ್ಪವು ಗರ್ಭದ ವಾರಗಳ ಸಂಖ್ಯೆಗೆ ಹೆಚ್ಚುಕಡಿಮೆ ಸಮನಾಗಿರುತ್ತದೆ. ಅದು 4 ಸೆಂ.ಮೀ. ಮೀರಿದರೆ ತಾಯಿಯ ಮಧುಮೇಹ, ಭ್ರೂಣದ ರಕ್ತಹೀನತೆ, ಸೋಂಕು ಇವೆಯೇ ಎಂದು ವೈದ್ಯರು ನೋಡುತ್ತಾರೆ. ತೀರಾ ತೆಳುವಾಗಿದ್ದರೆ ಮಗುವಿನ ಬೆಳವಣಿಗೆಯನ್ನು ಪರಿಶೀಲಿಸುತ್ತಾರೆ.