ರಿಟರ್ನ್ಸ್ ಕಡಿಮೆ, ಹೆಬ್ಬಾತು ಜಾಸ್ತಿ

ಟ್ಯಾಕ್ಸ್ ಪ್ರಾಕ್ಟೀಸ್ ಮಾಡುವವರ ತಿಂಗಳಲ್ಲಿ ಎರಡೇ ತಾರೀಖು ಇರುತ್ತವೆ. 11ಕ್ಕೆ ಮಾರಾಟದ ಬಿಲ್ಲುಗಳ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಲೆಕ್ಕ ಹಾಕಿ ಕಟ್ಟುವ 3ಬಿ. ಉಳಿದ ದಿನಗಳೆಲ್ಲ ಇವೆರಡರ ತಯಾರಿ, ಇಲ್ಲವೇ ಇವೆರಡರ ಸುಸ್ತು. ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಸಣ್ಣ ಆಫೀಸು. ಕಿರಾಣಿ ಅಂಗಡಿಯವರು, ಗೊಬ್ಬರ-ಬೀಜದವರು, ಗುಳೇದಗುಡ್ಡದ ಖಣ ಮಾರುವವರು, ಇಳಕಲ್ಲಿನ ಕಲ್ಲು ವ್ಯಾಪಾರದವರು ನನ್ನ ಗಿರಾಕಿಗಳು. ಜಮಖಂಡಿಯಲ್ಲಿ ಇನ್ನೊಂದು ಆಫೀಸು ತೆರೆಯಿರಿ ಎಂದು ಹೇಳಿದವರು ಬಹಳ. ನಾನು ತೆರೆಯಲಿಲ್ಲ. ಇದ್ದ ಕೆಲಸವನ್ನೇ ಕಡಿಮೆ ಮಾಡಿಕೊಂಡೆ. ಚಳಿಗಾಲದಲ್ಲಿ ಆಲಮಟ್ಟಿ ಹಿನ್ನೀರಿಗೆ ಹಕ್ಕಿ ನೋಡಲು ಹೋಗಬೇಕಿತ್ತು, ಅದಕ್ಕೆ.

ಮೊದಲು ಮಾಡಿದ್ದು ಮನೆಯ ಲೆಕ್ಕ. ಗಿರಾಕಿಯ ಪುಸ್ತಕ ಬರೆಯುವ ಹಾಗೆಯೇ ಮನೆಗೂ ಒಂದು ಲೆಡ್ಜರ್ ಇಟ್ಟೆ. ದಿನಸಿ, ಮಗಳ ಫೀ, ಮಾವನವರ ಔಷಧಿ, ವಿಮೆ, ಸಾಲದ ಕಂತು, ಲಗ್ನದ ಆಯೇರಿ, ಎಲ್ಲ. ವರ್ಷದ ಮೊತ್ತ ಕಣ್ಣೆದುರು ಬಂದ ಮೇಲೆ 'ಎಷ್ಟು ಬೇಕು' ಅನ್ನುವುದಕ್ಕೆ ಒಂದು ಅಂಕಿ ಸಿಕ್ಕಿತು. ಅದರ ಮೇಲೆ ಕಷ್ಟಕಾಲಕ್ಕೆಂದು ಒಂದಿಷ್ಟು ಸೇರಿಸಿದೆ. ನಮ್ಮ ಮನೆಯವರು ಹೈಸ್ಕೂಲ್ ಮಾಸ್ತರರು, ತಿಂಗಳಾದರೆ ಪಗಾರ ಬರುತ್ತದೆ. ಇದನ್ನು ಮುಚ್ಚಿಟ್ಟು ಬರೆದರೆ ಸುಳ್ಳಾಗುತ್ತದೆ. ಒಬ್ಬರದೇ ದುಡಿಮೆ ಇರುವ ಮನೆಗೆ ನನ್ನ ಲೆಕ್ಕ ಹೊಂದುವುದಿಲ್ಲ.

ಆಮೇಲೆ ಗಿರಾಕಿಗಳ ಪಟ್ಟಿ ಹಿಡಿದು ಕೂತೆ. ಒಬ್ಬೊಬ್ಬರ ಎದುರಿಗೆ ಅವರು ಕೊಡುವ ಫೀ, ಅದರ ಪಕ್ಕದಲ್ಲಿ ಅವರ ಕೆಲಸಕ್ಕೆ ಹಿಡಿಯುವ ತಾಸು. ನನ್ನ ತಾಸುಗಳನ್ನು ತಿನ್ನುತ್ತಿದ್ದವರು ದೊಡ್ಡ ವ್ಯಾಪಾರಿಗಳಲ್ಲ. 19ನೇ ತಾರೀಖು ರಾತ್ರಿ ವಾಟ್ಸ್‌ಆಪ್‌ನಲ್ಲಿ ಮಸುಕು ಮಸುಕಾದ ಬಿಲ್ಲಿನ ಫೋಟೋ ಕಳಿಸುವವರು! ಬಿಲ್ಲು 5ರೊಳಗೆ ಬಂದರೆ ಹಳೇ ಫೀ, ತಡವಾದರೆ ಒಂದೂವರೆ ಪಟ್ಟು ಎಂದು ಹೇಳಿಬಿಟ್ಟೆ. ಕೆಲವರು ರೂಢಿ ಬದಲಿಸಿಕೊಂಡರು. ಕೆಲವರು ಬೇರೆಯವರ ಹತ್ತಿರ ಹೋದರು. ಹೋದವರ ಮೇಲೆ ಸಿಟ್ಟಿಲ್ಲ, ನಿಜ ಹೇಳಬೇಕಂದ್ರೆ ಹಗುರವಾಯಿತು.

ಹೆಚ್ಚು ಸಮಯ ಉಳಿಸಿದ್ದು ಕ್ಯೂಆರ್‌ಎಂಪಿ. 2021ರ ಜನವರಿಯಿಂದ ಇರುವ ಈ ಸೌಲಭ್ಯದಲ್ಲಿ 5 ಕೋಟಿವರೆಗೆ ವಹಿವಾಟು ಇರುವವರು ಮೂರು ತಿಂಗಳಿಗೊಮ್ಮೆ ರಿಟರ್ನ್ಸ್ ಹಾಕಬಹುದು. ವರ್ಷಕ್ಕೆ 24 ಇದ್ದದ್ದು 8ಕ್ಕೆ ಇಳಿಯುತ್ತದೆ. ನಡುವಿನ ಎರಡು ತಿಂಗಳು ತೆರಿಗೆಯನ್ನು 25ರೊಳಗೆ ಚಲನ್‌ನಲ್ಲಿ ಕಟ್ಟಿದರಾಯಿತು. ಕಿರಾಣಿ, ಬಟ್ಟೆ ಅಂಗಡಿಗಳಂಥ ಚಿಲ್ಲರೆ ವ್ಯಾಪಾರಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ. ಸಗಟು ಮಾರುವವರಿಗೆ ಅಷ್ಟಾಗಿ ಇಲ್ಲ. ಅವರಿಂದ ಮಾಲು ಕೊಂಡವರಿಗೆ ತಿಂಗಳು ತಿಂಗಳು ಇನ್‌ಪುಟ್ ಕ್ರೆಡಿಟ್, ಅಂದರೆ ಕೊಳ್ಳುವಾಗ ಕೊಟ್ಟ ತೆರಿಗೆಯ ವಜಾ, ಕಾಣಿಸಬೇಕು, ಅದಕ್ಕಾಗಿ ಮತ್ತೆ ಬಿಲ್ಲು ಏರಿಸುತ್ತ ಕೂರಬೇಕು. ಅವರನ್ನು ಇದ್ದಲ್ಲೇ ಬಿಟ್ಟೆ. ಬದಲಾದವರಿಗೆ ಫೀ ಇಳಿಸಿದೆ. ಆದಾಯಕ್ಕೆ ಪೆಟ್ಟು ಬಿದ್ದದ್ದು ಇಲ್ಲೇ. ಬೀಳಲೇಬೇಕಲ್ವಾ? ಸಮಯವೂ ಬೇಕು, ದುಡ್ಡೂ ಮೊದಲಿನಷ್ಟೇ ಬೇಕು ಅಂದರೆ ಹೇಗೆ?

ಇನ್ನು ಹಿನ್ನೀರು. ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ 519.60 ಮೀಟರ್. ಮಳೆಗಾಲದಲ್ಲಿ ತುಂಬಿ ನಿಲ್ಲುತ್ತದೆ. ಆಮೇಲೆ ಕಾಲುವೆಗಳಿಗೆ ನೀರು ಹೋದಂತೆ ಅಂಚು ಹಿಂದೆ ಸರಿಯುತ್ತದೆ. ಬೀಳಗಿ ಕಡೆ, ಹೆರಕಲ್ ಹತ್ತಿರ, ಘಟಪ್ರಭೆ ಕೃಷ್ಣೆಗೆ ಸೇರುವ ಚಿಕ್ಕಸಂಗಮದ ಸುತ್ತ ಎರೆಮಣ್ಣಿನ ಬಯಲು ಮೇಲೇಳುತ್ತದೆ. ಮೊಣಕಾಲು ಮುಳುಗದಷ್ಟು ನೀರು, ಮೆತ್ತನೆಯ ಕೆಸರು. ಉದ್ದ ಕಾಲಿನ ಹಕ್ಕಿಗಳಿಗೆ ಬೇಕಾದದ್ದು ಇದೇ. ನೀರು ಇಳಿದಷ್ಟೂ ರಾಜಹಂಸಗಳು (ಫ್ಲೆಮಿಂಗೊ) ಕಾಣಿಸುತ್ತವೆ. ಬಣ್ಣದ ಕೊಕ್ಕರೆ, ನದಿ ರೀವ ಇದ್ದೇ ಇರುತ್ತವೆ. ನಮ್ಮ ಊರೇ ಅರ್ಧ ಮುಳುಗಿದ್ದು ಈ ನೀರಿನಲ್ಲಿ. ಹಾಗಾಗಿ ನೋಡಿ ಬರೀ ಖುಷಿ ಪಡಲು ನಮ್ಮ ಅತ್ತೆಗೆ ಇವತ್ತಿಗೂ ಆಗುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟ ಪಟ್ಟೆತಲೆ ಹೆಬ್ಬಾತು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುತ್ತವೆ, ಮಾರ್ಚ್ ಹೊತ್ತಿಗೆ ಹೊರಡುತ್ತವೆ. ಹಗಲು ನೀರಿನಲ್ಲಿ ವಿಶ್ರಾಂತಿ. ಕತ್ತಲಾದ ಮೇಲೆ ಕಡಲೆ, ಶೇಂಗಾ ಹೊಲಗಳಿಗೆ ಮೇಯಲು ಹೋಗಿ ನಸುಕಿನಲ್ಲಿ ವಾಪಸ್ಸು. ಆ ವಾಪಸ್ಸಾಗುವ ಹೊತ್ತು ನೋಡಬೇಕು. ಗುಂಪು ಗುಂಪಾಗಿ, ಗದ್ದಲ ಮಾಡುತ್ತ, ಪರೀಕ್ಷೆ ಮುಗಿಸಿ ಹೊರಬಿದ್ದ ಹುಡುಗರ ಹಾಗೆ ನೀರಿಗೆ ಇಳಿಯುತ್ತವೆ. 'ಭಾನುವಾರ ಹೋದರಾಯಿತಲ್ಲ' ಎನ್ನುತ್ತಾರೆ. ಭಾನುವಾರ ದಂಡೆಯ ಮೇಲೆ ಸ್ಪೀಕರ್ ಹಚ್ಚಿಕೊಂಡು ಬರುವವರು ಜಾಸ್ತಿ, ಹಕ್ಕಿಗಳು ನಡುನೀರಿಗೆ ಸರಿದಿರುತ್ತವೆ. ನನಗೆ ಬೇಕಾದದ್ದು ವಾರದ ನಡುವಿನ ಬೆಳಗು. ಅದು ಕೆಲಸ ಮುಗಿದ ಮೇಲೆ ಉಳಿಯುವ ಸಮಯವಲ್ಲ. ಮೊದಲೇ ತೆಗೆದಿಡಬೇಕು.

ಅದೃಷ್ಟಕ್ಕೆ ತಾರೀಖುಗಳು ಕೂಡಿ ಬರುತ್ತವೆ. ಆಡಿಟ್ ಇರುವವರ ಆದಾಯ ತೆರಿಗೆ ರಿಟರ್ನ್ಸಿಗೆ ಅಕ್ಟೋಬರ್ 31 ಕೊನೆ. ನವೆಂಬರಿನಿಂದ ಹೆಬ್ಬಾತುಗಳ ಕಾಲ. ಡಿಸೆಂಬರ್ 31ರ ಜಿಎಸ್‌ಟಿ ವಾರ್ಷಿಕ ರಿಟರ್ನ್ಸಿಗೆ ಬೇಕಾದ ತಾಳೆಯನ್ನು ಮಳೆಗಾಲದಲ್ಲೇ ಮಾಡಿಡುತ್ತೇನೆ. ಚಳಿಗಾಲದಲ್ಲಿ ಆಫೀಸು ತೆರೆಯುವುದು ಹನ್ನೊಂದಕ್ಕೆ. ಬಾಗಿಲ ಮೇಲೆ ಬೋರ್ಡು ಹಾಕಿದ್ದೇನೆ.

ಬೋರ್ಡು ನೋಡಿ ಗೊಬ್ಬರದ ಅಂಗಡಿಯ ಹಿರಿಯರೊಬ್ಬರು ಒಳಗೆ ಬಂದು ಕೂತರು.

"ಏನ್ರೀ ಅಕ್ಕಾರ, ಕಾಯಕವೇ ಕೈಲಾಸ ಅಂದವರ ನಾಡಾಗ ಕುಂತು ಬಾತುಕೋಳಿ ಎಣಿಸಾಕ ಹೊಂಟೀರಲ್ಲ?"

"ಕಾಕಾರ, ಆ ಮಾತು ವಚನದಾಗ ಹೇಳಿದಾಂವ ಆಯ್ದಕ್ಕಿ ಮಾರಯ್ಯ. ಅವನ ಹೇಣ್ತಿ ಕಥಿ ಗೊತ್ತೈತಲ್ರೀ?"

ಅವರಿಗೆ ಗೊತ್ತಿತ್ತು. ಮಾರಯ್ಯ ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯ್ದು ತರುತ್ತಿದ್ದವನು. ಒಂದು ದಿನ ರೂಢಿಗಿಂತ ಹೆಚ್ಚು ತಂದಾಗ, ಇದು ನಮಗೆ ಬೇಡ, ಮರಳಿ ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ವಾಪಸ್ಸು ಕಳಿಸಿದಳಂತೆ.

"ಹೌದ್ ಬಿಡ್ರಿ," ಎಂದರು. "ನೀವು ಅಕ್ಕಿ ಬೇಕಾದ್ರ ಸುರೀರಿ, ನನ್ನ ರಿಟರ್ನ್ಸ್ ಮಾತ್ರ ಸುರೀಬ್ಯಾಡ್ರಿ."

ಒಂದು ಎಚ್ಚರಿಕೆ ಹೇಳಲೇಬೇಕು. ಹವ್ಯಾಸವೇ ಹಣದ ಹಿಂದೆ ಓಡಿಸಬಹುದು. ಹಕ್ಕಿ ನೋಡುವವರಲ್ಲಿ ಲಕ್ಷಗಟ್ಟಲೆಯ ಲೆನ್ಸ್ ಕೊಳ್ಳಲು ಓವರ್‌ಟೈಮ್ ಮಾಡುವವರಿದ್ದಾರೆ. ನನ್ನ ಹತ್ತಿರ ಇರುವುದು 8×42 ದುರ್ಬೀನು. ಎಂಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ, 42 ಮಿಲಿಮೀಟರಿನ ಗಾಜು ನಸುಕಿನಲ್ಲೂ ಸಾಕಷ್ಟು ಬೆಳಕು ತರುತ್ತದೆ. ಅದು, ಒಂದು ನೋಟ್‌ಬುಕ್ಕು, ಸ್ಕೂಟಿಗೆ ಪೆಟ್ರೋಲ್. ಎರೆಮಣ್ಣು ಹಸಿ ಇದ್ದಾಗ ಸ್ಕೂಟಿ ರಸ್ತೆಯಲ್ಲೇ ಬಿಡಿ, ಚಕ್ರ ಸಿಕ್ಕರೆ ಟ್ರ್ಯಾಕ್ಟರೇ ಬರಬೇಕು. ಹಕ್ಕಿಗಳ ತೀರ ಹತ್ತಿರಕ್ಕೂ ಹೋಗಬೇಡಿ. ರಾತ್ರಿಯೆಲ್ಲ ಮೇಯ್ದು ಬಂದವುಗಳನ್ನು ಎಬ್ಬಿಸುವುದು ಸರಿಯಲ್ಲ.

ಈಗ ಒಂದು ದೊಡ್ಡ ಸಂಸ್ಥೆಯವರು ತಮ್ಮ ಪೂರ್ತಿ ಲೆಕ್ಕ ನೋಡಿಕೊಳ್ಳಿ ಎಂದು ಕೇಳಿದ್ದಾರೆ. ಫೀ ಒಳ್ಳೆಯದೇ ಇದೆ, ಮಗಳ ಕಾಲೇಜಿಗೆ ಆಗುತ್ತದೆ. ನವೆಂಬರಿನಿಂದ ಮಾರ್ಚ್‌ವರೆಗೆ ಹನ್ನೊಂದು ಗಂಟೆಗಿಂತ ಮೊದಲು ನಾನು ಸಿಗುವುದಿಲ್ಲ ಎಂಬುದನ್ನು ಕರಾರಿನಲ್ಲೇ ಬರೆಯಿರಿ ಎಂದಿದ್ದೇನೆ. ಅವರ ಮ್ಯಾನೇಜರು ಇನ್ನೂ ಉತ್ತರ ಕೊಟ್ಟಿಲ್ಲ.