ಹಾರ್ಟ್ ಫೇಲ್ಯೂರ್ ಜೊತೆಗೆ ಶುಗರೂ ಇದ್ರೆ, ಮುಂದೆ ಹೇಗಾಗ್ಬಹುದು ಅಂತ ಅಂದಾಜು ಹಾಕೋ ಬಗೆ

ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ಕೈಗೆ ಬಂದ ತಕ್ಷಣ ಎಲ್ರೂ ಹುಡುಕೋದು ಪಂಪಿಂಗ್ ಎಷ್ಟು ಪರ್ಸೆಂಟ್ ಅಂತ. 30 ಅಂತ ಇದ್ರೆ ಕೈಕಾಲು ತಣ್ಣಗಾಗುತ್ತೆ, 55 ಅಂತ ಇದ್ರೆ ಅಬ್ಬಾ ಬಿಡು ಅಂತಾರೆ. ಆದ್ರೆ ಶುಗರ್ ಇರೋರಲ್ಲಿ ಪಂಪಿಂಗ್ 50ರ ಮೇಲಿದ್ರೂ ಹೃದಯ ಬಿಗಿಯಾಗಿ ರಕ್ತ ಸರಿಯಾಗಿ ತುಂಬಿಕೊಳ್ದೇ ಫೇಲ್ಯೂರ್ ಆಗಿರ್ಬಹುದು, ಹಾಗಾಗಿ ಆ ಒಂದು ನಂಬರ್ ಹಿಡ್ಕೊಂಡು ಕೂರ್ಬೇಡಿ.

ಮೊದಲು ಮ್ಯಾಜಿಕ್ (MAGGIC) ಸ್ಕೋರ್ ಹಾಕಿ ನೋಡಿ (ಹೆಸರಷ್ಟೇ, ಜಾದೂ ಏನಿಲ್ಲ). ಸುಮಾರು 39,000 ರೋಗಿಗಳ ಮಾಹಿತಿ ಮೇಲೆ ಕಟ್ಟಿದ್ದು, ವಯಸ್ಸು, ಬಿಪಿ, ಕ್ರಿಯಾಟಿನಿನ್ ಅಂತ 13 ವಿಷಯ ಕೇಳುತ್ತೆ, 1 ವರ್ಷ ಮತ್ತೆ 3 ವರ್ಷದೊಳಗೆ ಸಾವಿನ ಸಾಧ್ಯತೆ ಎಷ್ಟು ಅಂತ ಹೇಳುತ್ತೆ. ಪಾಯಿಂಟ್ ಏರಿದಷ್ಟೂ ಅಪಾಯ ಜಾಸ್ತಿ, ಇದ್ರಲ್ಲಿ ಶುಗರ್ ಇದ್ರೆ 3 ಪಾಯಿಂಟ್. ಬೀಟಾ ಬ್ಲಾಕರ್ (ಹೃದಯದ ಬಡಿತ ನಿಧಾನ ಮಾಡೋ ಮಾತ್ರೆ) ತಗೊಳ್ತಿಲ್ಲ ಅಂದ್ರೂ 3 ಪಾಯಿಂಟೇ! ಇನ್ನು ಸ್ವಲ್ಪ ಜೋರಾಗಿ ಓಡಾಡಿದ್ರೆ ಮಾತ್ರ ಮೇಲುಸಿರು ಬರ್ತಿದ್ದೋರಿಗೆ ಈಗ ನಾಲ್ಕು ಹೆಜ್ಜೆಗೇ ಬರ್ತಿದೆ ಅಂದ್ರೆ (ಡಾಕ್ಟರ್‌ಗಳು ತೊಂದ್ರೆ ಎಷ್ಟಿದೆ ಅಂತ ಹೇಳೋಕೆ 1ರಿಂದ 4ರವರೆಗೆ ಕ್ಲಾಸ್ ಕೊಡ್ತಾರೆ, ಅದ್ರಲ್ಲಿ 2ರಿಂದ 3ಕ್ಕೆ ಜಾರಿದ್ರೆ), ಒಂದೇ ಸಲಕ್ಕೆ 4 ಪಾಯಿಂಟ್ ಏರುತ್ತೆ, ಶುಗರ್‌ಗಿಂತ ಜಾಸ್ತಿ.

ಎಲ್ಲರೂ ಎಡವೋದು ಇಲ್ಲೇ. "ಉಸಿರಾಟ ಹೇಗಿದೆ" ಅಂದ್ರೆ "ಏನೂ ತೊಂದ್ರೆ ಇಲ್ಲ" ಅಂತಾರೆ, ಯಾಕಂದ್ರೆ ಮೆಟ್ಟಿಲು ಹತ್ತೋದು ಬಿಟ್ಟು ಆರು ತಿಂಗಳಾಗಿರುತ್ತೆ. ಅದಕ್ಕೆ ಹಾಗೆ ಕೇಳ್ಬೇಡಿ, "ಹೋದ ವರ್ಷ ಮಾಡ್ತಿದ್ದ ಯಾವ ಕೆಲ್ಸ ಈಗ ಬಿಟ್ಟಿದೀರಿ" ಅಂತ ಕೇಳಿ.

ಸ್ಕೋರ್ ಕೇಳದೇ ಇರೋದನ್ನ ನೀವೇ ಪಕ್ಕದಲ್ಲಿ ಬರ್ಕೊಳ್ಳಿ. ಇತ್ತೀಚೆಗೆ ಹಾರ್ಟ್ ಫೇಲ್ಯೂರ್‌ಗೆ ಅಡ್ಮಿಟ್ ಆಗಿದ್ರಾ, ಮೂತ್ರದಲ್ಲಿ ಆಲ್ಬುಮಿನ್ ಅನ್ನೋ ಪ್ರೋಟೀನ್ ಹೋಗ್ತಿದೆಯಾ (ರಿಪೋರ್ಟಲ್ಲಿ 30 mg/g ದಾಟಿದ್ರೆ ಜಾಸ್ತಿ ಅಂತ), ಎನ್‌ಟಿ-ಪ್ರೋಬಿಎನ್‌ಪಿ ಎಷ್ಟಿದೆ. ಈ ಕೊನೇದು (ಹೃದಯದ ಮೇಲೆ ಒತ್ತಡ ಬಿದ್ದಾಗ ರಕ್ತದಲ್ಲಿ ಏರೋ ಅಂಶ) ಸ್ವಲ್ಪ ಕಿತಾಪತಿ, ದಪ್ಪ ಇರೋರಲ್ಲಿ ಕಮ್ಮಿ ತೋರಿಸುತ್ತೆ, ಕಿಡ್ನಿ ವೀಕ್ ಇದ್ರೆ ಜಾಸ್ತಿ ತೋರಿಸುತ್ತೆ, ಶುಗರ್ ಇರೋರಲ್ಲಿ ಎರಡೂ ಒಟ್ಟಿಗೇ ಇರೋದು ಮಾಮೂಲು. ಅದಕ್ಕೆ ಬೇರೆಯವರ ನಂಬರ್ ಜೊತೆ ಹೋಲಿಸ್ಬೇಡಿ, ಅವರದ್ದೇ ಹಳೇ ರಿಪೋರ್ಟ್ ಪಕ್ಕದಲ್ಲಿಟ್ಟು ನೋಡಿ. ಅಡ್ಮಿಟ್ ಆದಾಗ ಇದ್ದಿದ್ದಕ್ಕಿಂತ ಡಿಸ್ಚಾರ್ಜ್ ಹೊತ್ತಿಗೆ 30 ಪರ್ಸೆಂಟ್‌ಗಿಂತ ಜಾಸ್ತಿ ಇಳಿದಿದ್ರೆ ಒಳ್ಳೇ ಲಕ್ಷಣ.

ಎಚ್‌ಬಿಎ1ಸಿ (ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಶುಗರ್) ಎಷ್ಟು ಕಮ್ಮಿ ಆದ್ರೆ ಅಷ್ಟು ಆಯುಸ್ಸು ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ರಕ್ತ ಕಮ್ಮಿ ಇದ್ರೆ ಆ ನಂಬರ್ರೇ ನಂಬೋಹಾಗಿರಲ್ಲ.

ಇನ್ನೊಂದು, ಈ ಸ್ಕೋರ್ ಹಳೇದು, ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳು ಹಾರ್ಟ್ ಫೇಲ್ಯೂರ್‌ಗೆ ಬರೋಕೆ ಮುಂಚಿನದ್ದು. 2019ರ ಡಾಪಾ-ಎಚ್‌ಎಫ್ ಅಧ್ಯಯನದಲ್ಲಿ ಶುಗರ್ ಇರ್ಲಿ ಬಿಡ್ಲಿ ಲಾಭ ಆಗಿದ್ದು ಗೊತ್ತಾಯ್ತು, ಹಾಗಾಗಿ ಅದನ್ನ ತಗೊಳ್ತಿರೋರಿಗೆ ಸ್ಕೋರ್ ಹೇಳಿದ್ದಕ್ಕಿಂತ ಪರಿಸ್ಥಿತಿ ವಾಸಿ ಇರ್ಬಹುದು. ಶುರು ಮಾಡಿದ ಹೊಸದ್ರಲ್ಲಿ ಇಜಿಎಫ್‌ಆರ್ (ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತೆ ಅನ್ನೋ ನಂಬರ್) ಸ್ವಲ್ಪ ಇಳಿಯೋದು ಮಾಮೂಲು, ಅದನ್ನ ನೋಡಿ ಕಿಡ್ನಿ ಹೋಯ್ತು ಅಂತ ಮಾತ್ರೆ ನೀವೇ ನಿಲ್ಲಿಸ್ಬೇಡಿ.

ಸ್ಕೋರ್ ಹೇಳೋ ಸಾವಿನ ಸಾಧ್ಯತೆ 20 ಪರ್ಸೆಂಟ್ ಅಂದ್ರೆ ಇಂಥಾ 100 ಜನದಲ್ಲಿ 20 ಜನ ತೀರ್ಕೊಳ್ಬಹುದು ಅಂತ, ನಿಮ್ಮವರು ಆ 20ರಲ್ಲೋ 80ರಲ್ಲೋ ಅಂತ ಅದಕ್ಕೆ ಗೊತ್ತಿಲ್ಲ. ನಿಮ್ಮವರ ಪರಿಸ್ಥಿತಿ ಕೆಡ್ತಿದೆಯಾ ಅಂತ ಸುಳಿವು ಕೊಡೋದು ಮನೇಲಿರೋ ತೂಕದ ಮಷೀನ್. ಬೆಳಿಗ್ಗೆ ಬಾತ್ರೂಮಿಗೆ ಹೋಗಿಬಂದು, ತಿಂಡಿಗೆ ಮುಂಚೆ, ದಿನಾ ಬರೀರಿ. 3 ದಿನದಲ್ಲಿ 2 ಕಿಲೋ ಏರಿದ್ರೆ ಅದು ಊಟದ ತೂಕ ಅಲ್ಲ, ನೀರು, ಡಾಕ್ಟರಿಗೆ ಅವತ್ತೇ ಫೋನ್ ಮಾಡಿ. ಹಾಗೇ ಶುಗರ್ ಮಾತ್ರೆ ಚೀಟೀಲಿ ಪಯೋಗ್ಲಿಟಜೋನ್ ಅಂತ ಇದ್ಯಾ ನೋಡಿ, ಅದು ಮೈಯಲ್ಲಿ ನೀರು ನಿಲ್ಲಿಸುತ್ತೆ, ಇದ್ರೆ ಅದನ್ನೂ ಅದೇ ಫೋನಲ್ಲಿ ಹೇಳಿ.